ಡಬ್ಬದ ಮೇಲೆ 3500, ನನ್ನ ಪಿಸಿಯಲ್ಲಿ 1772. ಈ ಬೆಂಚ್‌ಮಾರ್ಕ್ ಅಂಕಿಗಳನ್ನು ಓದೋದು ಹೇಗೆ?

ಕೀಲಿಮಣೆ
ಎಲ್ಲರಿಗೂ ನಮಸ್ಕಾರ. ಹಳೇ ಸಾಟಾ ಎಸ್‌ಎಸ್‌ಡಿ ತುಂಬಿಹೋಗಿತ್ತು. ಅದಕ್ಕೇ 1 ಟಿಬಿಯ ಎನ್‌ವಿಎಂಇ ಡ್ರೈವ್ (ಸಾಟಾ ಬದಲು ಪಿಸಿಐಇ ದಾರಿಯಲ್ಲಿ ಓಡುವ, ಹೆಚ್ಚು ವೇಗದ ಎಸ್‌ಎಸ್‌ಡಿ) ಹಾಕಿಕೊಂಡೆ. ಡಬ್ಬದ ಮೇಲೆ ಓದುವ ವೇಗ ಸೆಕೆಂಡಿಗೆ 3500 ಎಂಬಿ, ಬರೆಯುವ ವೇಗ 3000 ಎಂಬಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಡ್ರೈವ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದರೆ ಬಂದದ್ದು ಇದು (ಸೆಕೆಂಡಿಗೆ ಎಂಬಿ):

ಸೀಕ್ವೆನ್ಶಿಯಲ್ 1ಎಂ ಕ್ಯೂ8ಟಿ1: ಓದು 1772, ಬರಹ 1689
ಸೀಕ್ವೆನ್ಶಿಯಲ್ 1ಎಂ ಕ್ಯೂ1ಟಿ1: ಓದು 1541, ಬರಹ 1602
ರ‍್ಯಾಂಡಮ್ 4ಕೆ ಕ್ಯೂ32ಟಿ1: ಓದು 548, ಬರಹ 431
ರ‍್ಯಾಂಡಮ್ 4ಕೆ ಕ್ಯೂ1ಟಿ1: ಓದು 61, ಬರಹ 188

ನನ್ನ ಪ್ರಶ್ನೆಗಳು ಇಷ್ಟು. ಹೇಳಿದ್ದರಲ್ಲಿ ಅರ್ಧ ವೇಗ ಮಾತ್ರ ಏಕೆ? ಕೊನೇ ಸಾಲಿನ ಆ 61 ಏನು, ಡ್ರೈವ್ ಕೆಟ್ಟಿದೆಯಾ? ಇನ್ನೊಂದು ಟೆಸ್ಟ್ ಇಡೀ ಪಿಸಿಗೆ ಒಂದೇ ಅಂಕ ಕೊಟ್ಟು "ನಿರೀಕ್ಷೆಗಿಂತ ಕಡಿಮೆ" ಅಂದಿದೆ. ಅದನ್ನು ನಂಬಬೇಕಾ? ಹಳೇ ಡ್ರೈವ್ 550 ತೋರಿಸುತ್ತಿತ್ತು, ಇದು ಅದರ ಮೂರು ಪಟ್ಟು. ಆದರೂ ವಿಂಡೋಸ್ ಶುರುವಾಗೋದು ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ.

ಬಿಸಿಗಾಳಿ
ಬಿಸಿ ಆಗಿದೆ. ಹೀಟ್‌ಸಿಂಕ್ ಹಾಕಿ, ಸರಿಹೋಗುತ್ತದೆ.

ಅನುಮಾನದ ಹುಳ
ನಕಲಿ ಮಾಲು ಇರಬಹುದು. ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಡ್ರೈವ್ ಪೂರ್ತಿ ಬರೆದು ವಾಪಸ್ ಓದಿ ನೋಡುತ್ತದೆ. 1 ಟಿಬಿ ಅಂತ ಹೇಳಿಕೊಂಡು ಒಳಗೆ 64 ಜಿಬಿ ಇಟ್ಟಿರುವ ಡ್ರೈವ್‌ಗಳು ಎಷ್ಟೋ ಇವೆ.

ಲೇನ್ ಲೆಕ್ಕಿಗ
ಒಂದು ನಿಮಿಷ ತಡೀರಿ. ನಕಲಿ ಡ್ರೈವ್ 1700 ಕೊಡೋದಿಲ್ಲ. ಬಿಸಿಯೂ ಅಲ್ಲ. ಬಿಸಿಯಿಂದ ವೇಗ ಇಳಿದರೆ ಮೊದಲ ಸುತ್ತು ಚೆನ್ನಾಗಿ ಬಂದು ಆಮೇಲೆ ಏರುಪೇರಾಗುತ್ತದೆ. ಇಲ್ಲಿ ಓದು, ಬರಹ ಎರಡೂ 1700ರ ಹತ್ತಿರ ಬಂದು ನಿಂತುಬಿಟ್ಟಿವೆ. ಡ್ರೈವ್ ತಾನಾಗಿ ಸುಸ್ತಾದರೆ ಎರಡೂ ಒಂದೇ ಕಡೆ ನಿಲ್ಲೋದಿಲ್ಲ. ದಾರಿ ಚಿಕ್ಕದಿರಬೇಕು.

ಲೆಕ್ಕ ನೋಡಿ. ಡ್ರೈವ್‌ಗೂ ಪಿಸಿಗೂ ನಡುವೆ ಮಾಹಿತಿ ಓಡಾಡುವ ದಾರಿಯೇ ಪಿಸಿಐಇ, ಅದರ ಒಂದೊಂದು ಸಾಲೂ ಒಂದು ಲೇನ್. ಪಿಸಿಐಇ 3.0ರಲ್ಲಿ ಒಂದು ಲೇನಿಗೆ ಸೆಕೆಂಡಿಗೆ 8 ಗಿಗಾಬಿಟ್. 128 ಬಿಟ್ ಮಾಹಿತಿ ಕಳಿಸಲು 130 ಬಿಟ್ ಖರ್ಚು. ಹಾಗಾಗಿ ಲೇನಿಗೆ ಸುಮಾರು 985 ಎಂಬಿ. 4 ಲೇನಿಗೆ 3940, 2 ಲೇನಿಗೆ 1970. ಪ್ಯಾಕೆಟ್‌ಗಳ ಮೇಲ್ಖರ್ಚು ಕಳೆದು ಕೈಗೆ ಸಿಗೋದು 4 ಲೇನಿನಲ್ಲಿ 3500 ಆಸುಪಾಸು, 2 ಲೇನಿನಲ್ಲಿ 1750 ಆಸುಪಾಸು. ನಿಮ್ಮದು 1772.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೆಯಿರಿ. ಅದು ಡ್ರೈವ್‌ನ ವಿವರ ತೋರಿಸುವ ಪ್ರೋಗ್ರಾಂ, ಮಾರ್ಕ್ ಬೇರೆ. ಅದರಲ್ಲಿ "ಟ್ರಾನ್ಸ್‌ಫರ್ ಮೋಡ್" ಅಂತ ಒಂದು ಸಾಲಿದೆ. ಮಧ್ಯದಲ್ಲಿ ಒಂದು ಗೆರೆ. ಎಡಗಡೆ ಈಗ ಓಡುತ್ತಿರೋದು, ಬಲಗಡೆ ಡ್ರೈವ್‌ಗೆ ಆಗುವಂಥದ್ದು. ಅಲ್ಲಿ ಏನಿದೆ ಹೇಳಿ.

ಕೀಲಿಮಣೆ
ನೋಡಿದೆ. "ಪಿಸಿಐಇ 3.0 ಎಕ್ಸ್2 | ಪಿಸಿಐಇ 3.0 ಎಕ್ಸ್4" ಅಂತಿದೆ.

ಲೇನ್ ಲೆಕ್ಕಿಗ
ಅಷ್ಟೇ ವಿಷಯ. ಎರಡನೇ ಎಂ.2 ಸ್ಲಾಟ್‌ಗೆ ಹಾಕಿದ್ದೀರಿ ಅನಿಸುತ್ತದೆ. ಹಲವು ಬೋರ್ಡ್‌ಗಳಲ್ಲಿ ಒಂದು ಸ್ಲಾಟ್ ನೇರ ಸಿಪಿಯುಗೆ ಹೋಗುತ್ತದೆ, ಇನ್ನೊಂದು ಚಿಪ್‌ಸೆಟ್ (ಬೋರ್ಡಿನ ಸಹಾಯಕ ಚಿಪ್ಪು) ಮೂಲಕ. ಆ ಇನ್ನೊಂದಕ್ಕೆ ಕೆಲವರು 2 ಲೇನ್ ಮಾತ್ರ ಕೊಟ್ಟಿರುತ್ತಾರೆ. ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದ ಟೇಬಲ್ ಒಂದಿರುತ್ತದೆ, ನೋಡಿ.

ಸುಮ್ನಿರಿ
ಮ್ಯಾನ್ಯುಯಲ್ ಓದೋರು ಯಾರಾದರೂ ಇದ್ದಾರಾ ಈ ಭೂಮಿ ಮೇಲೆ?

ಹಳೇ ಫ್ಲಾಪಿ
ಈ ಎಂ.2 ಅನ್ನೋ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಎಂ.2 ಅಂದರೆ ಆಕಾರ ಮಾತ್ರ. ಅದೇ ಆಕಾರದ ಪಟ್ಟಿಯಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಕಚ್ಚಿನ ಜಾಗ ನೋಡಿ ಸುಳಿವು ಸಿಗಬಹುದು. ಸಾಟಾ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ಕಚ್ಚು, 4 ಲೇನಿನ ಎನ್‌ವಿಎಂಇಯಲ್ಲಿ ಒಂದು. ಆದರೆ ಸ್ಲಾಟ್ ಏನನ್ನು ಒಪ್ಪುತ್ತದೆ ಅನ್ನೋದು ಕಣ್ಣಿಗೆ ಕಾಣೋದಿಲ್ಲ. "ಎಂ.2 ಇದೆ, ಹಾಗಾಗಿ ಫಾಸ್ಟ್" ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ ಕೇಳಿ.

ಒಂಟಿ ಸಾಲು
ಸ್ಲಾಟ್ ವಿಷಯ ಮುಗಿಯಿತು. ಈಗ ಎರಡನೇ ಪ್ರಶ್ನೆ, ಅದೇ ಮುಖ್ಯದ್ದು. ಆ 61 ಏನು?

ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನ ನಾಲ್ಕು ಸಾಲುಗಳೂ ಒಂದೇ ಡ್ರೈವ್‌ಗೆ ಕೇಳಿದ ನಾಲ್ಕು ಬೇರೆ ಬೇರೆ ಪ್ರಶ್ನೆಗಳು. "ಸೀಕ್ವೆನ್ಶಿಯಲ್ 1ಎಂ" ಅಂದರೆ 1 ಎಂಬಿಯ ತುಂಡುಗಳನ್ನು ಸಾಲಾಗಿ ಕೊಡು ಎಂದು. "4ಕೆ" ಅಂದರೆ 4 ಕೆಬಿಯ ಚೂರುಗಳನ್ನು ಅಲ್ಲಿ ಇಲ್ಲಿ ಹುಡುಕಿ ಕೊಡು ಎಂದು. "ಕ್ಯೂ" ಅಂದರೆ ಒಂದೇ ಸಲಕ್ಕೆ ಎಷ್ಟು ಬೇಡಿಕೆ ಬಾಕಿ ಇಡುತ್ತೇವೆ ಅನ್ನೋದು. "ಟಿ" ಅಂದರೆ ಥ್ರೆಡ್, ಎಷ್ಟು ಕಡೆಯಿಂದ ಒಟ್ಟಿಗೆ ಬೇಡಿಕೆ ಇಡುತ್ತೇವೆ ಅನ್ನೋದು. ಲೈಬ್ರರಿ ಕೌಂಟರಿನಲ್ಲಿ 32 ಚೀಟಿ ಒಟ್ಟಿಗೆ ಕೊಟ್ಟರೆ ಒಳಗಿನವರು ಹಂಚಿಕೊಂಡು ಒಂದೇ ಓಟದಲ್ಲಿ ತಂದುಬಿಡುತ್ತಾರೆ, ಅದು ಕ್ಯೂ32. ಒಂದು ಪುಸ್ತಕ ಕೈಗೆ ಬಂದ ಮೇಲೇ ಮುಂದಿನ ಚೀಟಿ ಕೊಡುತ್ತೇನೆ ಅಂದರೆ ಅದು ಕ್ಯೂ1. ಒಳಗೆ ಎಷ್ಟು ಜನ ಇದ್ದರೂ ಓಡೋದು ಒಬ್ಬರೇ.

ಈಗ 61ರ ಲೆಕ್ಕ. ಸೆಕೆಂಡಿಗೆ 61 ಎಂಬಿಯನ್ನು 4096 ಬೈಟಿನಿಂದ ಭಾಗಿಸಿ. ಸುಮಾರು 14,900 ಬೇಡಿಕೆ ಬರುತ್ತದೆ. ಒಂದರ ಹಿಂದೆ ಒಂದು ಆದ್ದರಿಂದ ಒಂದೊಂದಕ್ಕೂ 67 ಮೈಕ್ರೋಸೆಕೆಂಡ್. ಟಿಎಲ್‌ಸಿ ಫ್ಲ್ಯಾಶ್ (ಎಸ್‌ಎಸ್‌ಡಿ ಒಳಗಿನ ಮೆಮೊರಿಯ ಒಂದು ಬಗೆ) ಚಿಪ್ಪಿನ ಒಂದು ಪುಟ ಓದಲು ಹಿಡಿಯುವ ಸಮಯವೇ ಅದರಲ್ಲಿ ದೊಡ್ಡ ಪಾಲು. ಅದನ್ನು ಲೇನ್ ಹೆಚ್ಚಿಸಿ ಕಡಿಮೆ ಮಾಡೋಕೆ ಆಗೋದಿಲ್ಲ. ಹಾಗಾಗಿ ನಿಮ್ಮ 61 ಪೂರ್ತಿ ಆರೋಗ್ಯವಂತ ಅಂಕಿ. 40ರಿಂದ 90ರ ಒಳಗೆ ಬಹುತೇಕ ಎಲ್ಲ ಡ್ರೈವ್‌ಗಳೂ ಬಂದುಬಿಡುತ್ತವೆ, 3500ರ ಡ್ರೈವಾಗಲಿ, 7000ದ ಡ್ರೈವಾಗಲಿ.

ನೀವು ದಿನವಿಡೀ ಮಾಡುವ ಕೆಲಸ, ಅಂದರೆ ಪ್ರೋಗ್ರಾಂ ತೆರೆಯೋದು, ಬ್ರೌಸರ್ ಓಡಿಸೋದು, ಇವೆಲ್ಲ ಕೊನೇ ಸಾಲಿಗೇ ಹತ್ತಿರ. ಒಂದು ಫೈಲ್ ಓದಿ ಅದರಲ್ಲಿ ಏನಿದೆ ನೋಡಿ ಆಮೇಲೆ ಮುಂದಿನದ್ದನ್ನು ಕೇಳುವ ಕೆಲಸ ಅದು. ಕ್ಯೂ32 ಮುಟ್ಟೋದು ಸರ್ವರ್‌ಗಳು. ನಾನಂತೂ ಯಾರು ಸ್ಕ್ರೀನ್‌ಶಾಟ್ ಹಾಕಿದರೂ ಮೊದಲು ಕೆಳಗಿನ ಸಾಲು ನೋಡುತ್ತೇನೆ.

ಗೇಮರ್ ಗುಂಡ
ಹಾಗಾದರೆ ಡಬ್ಬದ ಮೇಲಿನ 3500 ಸುಳ್ಳು ಅನ್ನಿ.

ಒಂಟಿ ಸಾಲು
ಸುಳ್ಳಲ್ಲ ಗುರೂ. ಮೊದಲ ಸಾಲಿಗೆ ಅದು ನಿಜ. ದೊಡ್ಡ ಫೈಲನ್ನು ಅಷ್ಟೇ ವೇಗದ ಇನ್ನೊಂದು ಡ್ರೈವ್‌ಗೆ ಕಳಿಸುವಾಗ ಕಣ್ಣಾರೆ ಕಾಣಬಹುದು. ನಾಲ್ಕು ಉತ್ತರದಲ್ಲಿ ಚಂದದ್ದನ್ನು ಆರಿಸಿ ಡಬ್ಬದ ಮೇಲೆ ಹಾಕಿದ್ದಾರೆ, ಅಷ್ಟೇ.

ತಾಳ್ಮೆ
ವಿಂಡೋಸ್ ಶುರುವಾಗೋದು ಏಕೆ ಹಾಗೇ ಇದೆ ಅಂತ ಕೇಳಿದ್ದಿರಿ. ಹಾರ್ಡ್‌ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆದ ಬದಲಾವಣೆ ನೆನಪಿಸಿಕೊಳ್ಳಿ. 7200 ಆರ್‌ಪಿಎಂ ತಟ್ಟೆ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್. ಬೇಕಾದ ಜಾಗ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಮೇಲಿಂದ ತಲೆ ಸರಿಯುವ ಸಮಯ ಬೇರೆ. ಅದರ 4ಕೆ ಕ್ಯೂ1 ಅಂಕಿ 1 ಎಂಬಿಗೂ ಕಡಿಮೆ. ಅಲ್ಲಿಂದ ಸಾಟಾದ 30 ಚಿಲ್ಲರೆಗೆ ಹಾರಿದ್ದು ದೊಡ್ಡ ಹಾರಾಟ. 30ರಿಂದ 61 ಅಂದರೆ ಎರಡು ಪಟ್ಟು ಮಾತ್ರ. ಅಷ್ಟು ಹೊತ್ತಿಗೆ ಕಾಯಿಸುತ್ತಿರೋದು ಡ್ರೈವ್ ಅಲ್ಲ. ಬಯಾಸ್ ತನ್ನ ಪೂಜೆ ಮುಗಿಸಬೇಕು, ಡ್ರೈವರ್‌ಗಳು ಏಳಬೇಕು, ಸಿಪಿಯು ಫೈಲುಗಳನ್ನು ಬಿಚ್ಚಬೇಕು.

ಆಪ್ಟೇನ್ ಅಭಿಮಾನಿ
ಈ ಮಾತು ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಇಂಟೆಲ್ ಆಪ್ಟೇನ್ 900ಪಿ ಎಸ್‌ಎಸ್‌ಡಿಯ ಡಬ್ಬದ ಮೇಲೆ ಓದು 2500, ಬರಹ 2000 ಮಾತ್ರ ಇತ್ತು. ಆದರೆ ಒಳಗಿದ್ದದ್ದು ಫ್ಲ್ಯಾಶ್ ಅಲ್ಲ, 3ಡಿ ಕ್ರಾಸ್‌ಪಾಯಿಂಟ್ ಅನ್ನೋ ಬೇರೆ ಬಗೆಯ ಮೆಮೊರಿ. ಒಂದು ಬೇಡಿಕೆಗೆ 10 ಮೈಕ್ರೋಸೆಕೆಂಡ್ ಆಸುಪಾಸು. ಕೊನೇ ಸಾಲಿನಲ್ಲಿ 200 ಮೀರುತ್ತಿತ್ತು. ಈಗಿನ 14,000 ಎಂಬಿಯ ಪಿಸಿಐಇ 5.0 ಡ್ರೈವ್‌ಗಳೂ ಆ ಸಾಲಿನಲ್ಲಿ ಅದರ ಹತ್ತಿರ ಸುಳಿಯೋದಿಲ್ಲ. ಜನ ಮೇಲಿನ ಸಾಲು ನೋಡಿ "ಇದು ಸ್ಲೋ, ದುಬಾರಿ" ಅಂದರು. 2022ರಲ್ಲಿ ಇಂಟೆಲ್ ಆಪ್ಟೇನ್ ಅಂಗಡಿ ಮುಚ್ಚಿತು.

ಲೇನ್ ಲೆಕ್ಕಿಗ
ದುಬಾರಿ ಅನ್ನೋದು ನಿಜವೇ ಆಗಿತ್ತಲ್ಲ ಸ್ವಾಮಿ.

ಆಪ್ಟೇನ್ ಅಭಿಮಾನಿ
ಆಗಿತ್ತು. ಅದಕ್ಕೇ ಹೊಟ್ಟೆ ಉರಿ.

ಕೀಲಿಮಣೆ
ಡ್ರೈವನ್ನು ಮೊದಲ ಸ್ಲಾಟ್‌ಗೆ ಹಾಕಿದೆ. ಟ್ರಾನ್ಸ್‌ಫರ್ ಮೋಡ್ ಈಗ ಎರಡೂ ಕಡೆ ಎಕ್ಸ್4. ಓದು 3487, ಬರಹ 3021. ಕ್ಯೂ32 ಸಾಲು ಸ್ವಲ್ಪ ಏರಿದೆ. ಕೊನೇ ಸಾಲು 63! ವಿಂಡೋಸ್ ಶುರುವಾಗೋದರಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಲೇನ್ ಲೆಕ್ಕಿಗರಿಗೆ ಥ್ಯಾಂಕ್ಸ್, ಒಂಟಿ ಸಾಲು ಅವರಿಗೂ.

ಸುಮ್ನಿರಿ
ಅಂದರೆ ಸ್ಕ್ರೂ ಬಿಚ್ಚಿ ಹಾಕಿದ್ದೆಲ್ಲ ಸುಮ್ನೆ.

ಲೇನ್ ಲೆಕ್ಕಿಗ
ಸುಮ್ನೆ ಹೇಗಾಗುತ್ತದೆ? 4 ಲೇನಿಗೆ ದುಡ್ಡು ಕೊಟ್ಟಿದ್ದಾರೆ, 4 ಲೇನ್ ಸಿಗಬೇಕು. ನಾಳೆ 200 ಜಿಬಿ ಬ್ಯಾಕಪ್ ಎತ್ತುವಾಗ ಅದು ಕೆಲಸಕ್ಕೆ ಬರುತ್ತದೆ. ಇನ್ನೊಂದು, ಚಿಪ್‌ಸೆಟ್ ಕಡೆಯ ಸ್ಲಾಟ್‌ಗಳೆಲ್ಲ ಸಿಪಿಯುಗೆ ಹೋಗೋಕೆ ಒಂದೇ ಕೊಂಡಿಯನ್ನು ಹಂಚಿಕೊಳ್ಳುತ್ತವೆ. ಅಲ್ಲೇ ನೆಟ್‌ವರ್ಕ್, ಯುಎಸ್‌ಬಿ, ಸಾಟಾ ಎಲ್ಲ.

ಹಾಂ, ಕೀಲಿಮಣೆಯವರೇ, ಸಾಟಾ ಡ್ರೈವ್‌ಗಳು ಎಲ್ಲ ಕಾಣಿಸುತ್ತಿವೆಯಾ ನೋಡಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಅದೂ ಆ ಸಣ್ಣ ಅಕ್ಷರದ ಟೇಬಲ್‌ನಲ್ಲೇ ಇರುತ್ತದೆ.

ರೀಲು ಸುತ್ತುವವಳು
ಎಲ್ಲರೂ ಓದುವ ವೇಗದ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ನನಗೆ ಈ ನಾಲ್ಕು ಸಾಲಿನಲ್ಲಿ ಯಾವುದೂ ಉಪಯೋಗವಿಲ್ಲ. ನನಗೆ ಬೇಕಾದದ್ದು ಈ ಟೆಸ್ಟ್‌ನಲ್ಲಿ ಇಲ್ಲವೇ ಇಲ್ಲ.

ಏಕೆ ಅಂತ ಹೇಳುತ್ತೇನೆ. ಟಿಎಲ್‌ಸಿ ಚಿಪ್ಪಿನ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್ ತುಂಬುತ್ತಾರೆ. 16 ಮಟ್ಟದ ವೋಲ್ಟೇಜನ್ನು ನಿಖರವಾಗಿ ಕೂರಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅದನ್ನು ಮುಚ್ಚಿಡಲು ಡ್ರೈವ್ ಒಂದು ಉಪಾಯ ಮಾಡುತ್ತದೆ. ಖಾಲಿ ಜಾಗದ ಒಂದು ಭಾಗವನ್ನು ಕೋಶಕ್ಕೆ 1 ಬಿಟ್‌ನಂತೆ ಬಳಸಿ ಮೊದಲು ಅಲ್ಲಿಗೆ ಸುರಿಯುತ್ತದೆ. ಬಿಡುವಾದಾಗ ಒಳಗೊಳಗೇ ಮಡಚಿ ಇಡುತ್ತದೆ. ಇದನ್ನೇ ಎಸ್‌ಎಲ್‌ಸಿ ಕ್ಯಾಶ್ ಅನ್ನೋದು. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಮಾಮೂಲಿಯಾಗಿ ಬರೆಯೋದು 1 ಜಿಬಿಯ ಫೈಲ್. ಅದು ಕ್ಯಾಶ್‌ನ ಒಂದು ಮೂಲೆಗೂ ಸಾಲದು. ನೀವು ಅಳೆಯುತ್ತಿರೋದು ಕ್ಯಾಶನ್ನು, ಡ್ರೈವನ್ನಲ್ಲ.

ಸ್ಯಾಮ್‌ಸಂಗ್ 870 ಕ್ಯೂವಿಓ 1 ಟಿಬಿಯ ವಿವರಪಟ್ಟಿ ತೆಗೆದು ನೋಡಿ. ಕಂಪನಿಯೇ ಬರೆದಿದೆ. ಬರೆಯುವ ವೇಗ 530. ಕ್ಯಾಶ್ 42 ಜಿಬಿವರೆಗೆ. ಅದು ತುಂಬಿದ ಮೇಲೆ 80. ಎಂಬತ್ತು! ತಿರುಗುವ ಹಾರ್ಡ್‌ಡಿಸ್ಕ್ ಅದರ ಎರಡು ಪಟ್ಟು ಬರೆಯುತ್ತದೆ. ಅಷ್ಟನ್ನು ಮುಚ್ಚಿಡದೆ ಬರೆದದ್ದಕ್ಕೆ ಅವರಿಗೆ ಒಂದು ನಮಸ್ಕಾರ, ಆ ಸಾಲನ್ನು ಹಾಕದೇ ಇರೋರೇ ಜಾಸ್ತಿ.

ನಾನು ಮಾಡೋದು ಇಷ್ಟೇ. 300 ಜಿಬಿ ಕಚ್ಚಾ ವಿಡಿಯೋ ಇರುವ ಫೋಲ್ಡರನ್ನು ಇನ್ನೊಂದು ವೇಗದ ಡ್ರೈವ್‌ನಿಂದ ಕಾಪಿಗೆ ಹಾಕಿ ವಿಂಡೋಸ್ ತೋರಿಸುವ ಹಸಿರು ಗ್ರಾಫ್ ನೋಡುತ್ತಾ ಕೂರುತ್ತೇನೆ. ಮೊದಲು ಮಟ್ಟಸವಾಗಿ ಓಡುತ್ತದೆ. ಒಂದು ಕಡೆ ದಬ್ಬನೆ ಬಿದ್ದು ಬೇರೆ ಮಟ್ಟದಲ್ಲಿ ಸಮ ಆಗುತ್ತದೆ. ಬೀಳುವ ಜಾಗದಲ್ಲಿ ಎಷ್ಟು ಜಿಬಿ ಹೋಗಿದೆಯೋ ಅದು ಕ್ಯಾಶ್. ಬಿದ್ದ ಮೇಲಿನ ಅಂಕಿ ನಿಜವಾದ ಬರೆಯುವ ವೇಗ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಗೇಮರ್ ಗುಂಡ
ಅಕ್ಕಾ, ನಿಮ್ಮದು ವಿಶೇಷ ಕೇಸ್. ಮನೆಯಲ್ಲಿ ಒಂದೇ ಉಸಿರಿಗೆ 42 ಜಿಬಿ ಬರೆಯೋರು ಯಾರು?

ರೀಲು ಸುತ್ತುವವಳು
ನೀನೇ ತಮ್ಮಾ. ಒಂದು ದೊಡ್ಡ ಗೇಮ್ 100 ಜಿಬಿ ದಾಟುತ್ತದೆ. ಗಿಗಾಬಿಟ್ ಇಂಟರ್ನೆಟ್ ಅಂದರೆ ಸೆಕೆಂಡಿಗೆ 125 ಎಂಬಿವರೆಗೆ ಬರುತ್ತದೆ. ಡ್ರೈವ್ 80ರಲ್ಲಿ ನಿಂತರೆ ಇಂಟರ್ನೆಟ್ಟೇ ಕಾಯಬೇಕು.

ಗೇಮರ್ ಗುಂಡ
ನನ್ನದು ಗಿಗಾಬಿಟ್ ಅಲ್ಲ, ಬಚಾವ್.

ಆದರೆ ಗೇಮ್ ಲೋಡ್ ವಿಷಯದಲ್ಲಿ ಒಂಟಿ ಸಾಲು ಹೇಳಿದ್ದನ್ನು ಒಪ್ಪುತ್ತೇನೆ. ಸಾಟಾ ಮತ್ತು ಎನ್‌ವಿಎಂಇ ನಡುವೆ ಬಹಳಷ್ಟು ಗೇಮ್‌ಗಳಲ್ಲಿ ಒಂದೆರಡು ಸೆಕೆಂಡ್ ವ್ಯತ್ಯಾಸ. ಡೈರೆಕ್ಟ್‌ಸ್ಟೋರೇಜ್ (ಡ್ರೈವ್‌ನಿಂದ ಗೇಮ್ ಮಾಹಿತಿಯನ್ನು ಬೇಗ ಎತ್ತುವ ವಿಂಡೋಸ್ ಸೌಲಭ್ಯ) ಬಳಸುವ ಗೇಮ್‌ಗಳು ಇನ್ನೂ ಕಡಿಮೆ.

ಪೆಂಗ್ವಿನ್ ಮರಿ
ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಲ್ಲೇ ಟೆಸ್ಟ್ ಸೈಜ್ 1 ಜಿಬಿಯಿಂದ 64 ಜಿಬಿಗೆ ಏರಿಸಬಹುದು. ಡಿರ‍್ಯಾಮ್ ಅನ್ನೋ ಸ್ವಂತ ವೇಗದ ಮೆಮೊರಿ ಇಲ್ಲದ ಡ್ರೈವ್‌ಗಳ ಬಣ್ಣ ಆಗ ಬಯಲಾಗುತ್ತದೆ. ಯಾವ ಮಾಹಿತಿ ಯಾವ ಚಿಪ್ಪಿನ ಯಾವ ಪುಟದಲ್ಲಿದೆ ಅನ್ನೋ ನಕ್ಷೆ ಡ್ರೈವ್ ಹತ್ತಿರ ಇರಬೇಕು. 4 ಕೆಬಿಗೆ 4 ಬೈಟ್ ಲೆಕ್ಕ ಹಿಡಿದರೆ 1 ಟಿಬಿಗೆ ಸುಮಾರು 1 ಜಿಬಿ ನಕ್ಷೆ. ಡಿರ‍್ಯಾಮ್ ಇದ್ದರೆ ಪೂರ್ತಿ ಅಲ್ಲೇ ಕೂರುತ್ತದೆ. ಇಲ್ಲದಿದ್ದರೆ ಎಚ್‌ಎಂಬಿ ಮೂಲಕ ಪಿಸಿಯ ರ‍್ಯಾಮ್‌ನಲ್ಲಿ ಒಂದಿಷ್ಟು ಜಾಗ, ಹೆಚ್ಚಾಗಿ ಹತ್ತಾರು ಎಂಬಿ, ಕೇಳಿಕೊಳ್ಳುತ್ತದೆ. 1 ಜಿಬಿಯ ಟೆಸ್ಟ್ ಫೈಲಿಗೆ ಬೇಕಾದ ನಕ್ಷೆ ಬರೀ 1 ಎಂಬಿ. ಆರಾಮಾಗಿ ಹಿಡಿಸುತ್ತದೆ. 64 ಜಿಬಿಯ ಮೇಲೆ ರ‍್ಯಾಂಡಮ್ ಓದು ಶುರುಮಾಡಿದರೆ ನಕ್ಷೆಯ ತುಂಡನ್ನೂ ಫ್ಲ್ಯಾಶ್‌ನಿಂದ ತರಬೇಕಾಗಬಹುದು. ಒಂದು ಓದು ಎರಡಾಗುತ್ತದೆ.

ಅನುಮಾನದ ಹುಳ
ಹೀಗೆ 64 ಜಿಬಿ ಹಾಕಿ ಹಾಕಿ ಟೆಸ್ಟ್ ಮಾಡಿದರೆ ಡ್ರೈವ್ ಸವೆದುಹೋಗೋದಿಲ್ವಾ?

ಲೇನ್ ಲೆಕ್ಕಿಗ
1 ಟಿಬಿಯ ಟಿಎಲ್‌ಸಿ ಡ್ರೈವ್‌ಗೆ 600 ಟಿಬಿ ಬರೆಯುವ ವಾರಂಟಿ ಮಾಮೂಲು. ದಿನಕ್ಕೆ 100 ಜಿಬಿ ಬರೆದರೂ 6000 ದಿನ. 16 ವರ್ಷ. ಅಷ್ಟರಲ್ಲಿ ಎಂ.2 ಸ್ಲಾಟೇ ಇರುತ್ತದೋ ಇಲ್ಲವೋ.

ಪೆಂಗ್ವಿನ್ ಮರಿ
ಲಿನಕ್ಸ್‌ನವರಿಗೆ ಒಂದು ಮಾತು. ಡಿಡಿ ಆಜ್ಞೆಯಿಂದ ಸೊನ್ನೆಗಳನ್ನು ಬರೆದು "ನನ್ನದು ಸೆಕೆಂಡಿಗೆ ಇಷ್ಟು ಜಿಬಿ" ಅಂತ ಬೀಗಬೇಡಿ. ಅದು ರ‍್ಯಾಮ್‌ಗೆ ಬಿದ್ದ ವೇಗ. ಡಿಸ್ಕ್ ಮುಟ್ಟಿಯೇ ಇಲ್ಲ. ಎಫ್‌ಐಒ ಬಳಸಿ, ಅದರಲ್ಲಿ ಡೈರೆಕ್ಟ್ ಅನ್ನೋ ಆಯ್ಕೆಯನ್ನು 1 ಮಾಡಿ. ಜೆನ್ಸ್ ಆಕ್ಸ್‌ಬೋ ಬರೆದ ಟೂಲ್, ಲಿನಕ್ಸ್ ಕರ್ನಲ್‌ನ ಡಿಸ್ಕ್ ಭಾಗ ನೋಡಿಕೊಳ್ಳೋದೂ ಅವರೇ. ಅದರ ಫಲಿತಾಂಶದಲ್ಲಿ ಸರಾಸರಿ ಬಿಟ್ಟು 99ನೇ ಪರ್ಸೆಂಟೈಲ್ ನೋಡಿ. ನೂರರಲ್ಲಿ ಒಂದು ಬೇಡಿಕೆ ಎಷ್ಟು ಹೊತ್ತು ಕಾಯಿತು ಅನ್ನೋದು ಅಲ್ಲಿರುತ್ತದೆ. ಕೈಗೆ ತಡೆದ ಹಾಗೆ ಅನಿಸೋದು ಅದೇ.

ಹಳೇ ಫ್ಲಾಪಿ
ಸೊನ್ನೆ ಅಂದ ಕೂಡಲೇ ನೆನಪಾಯಿತು. ಸ್ಯಾಂಡ್‌ಫೋರ್ಸ್ ಕಂಟ್ರೋಲರ್‌ಗಳ (ಎಸ್‌ಎಸ್‌ಡಿಯನ್ನು ನಡೆಸುವ ಚಿಪ್ಪುಗಳು) ಕಾಲ. ಬರೆಯೋಕೆ ಬಂದ ಮಾಹಿತಿಯನ್ನು ಅವು ಕುಗ್ಗಿಸಿ ಬರೆಯುತ್ತಿದ್ದವು. ಆಟೋ (ATTO) ಡಿಸ್ಕ್ ಬೆಂಚ್‌ಮಾರ್ಕ್ ಅನ್ನೋ ಟೆಸ್ಟ್ ಸುಲಭವಾಗಿ ಕುಗ್ಗುವ ಮಾಹಿತಿ ಕೊಡುತ್ತಿತ್ತು, ಅಂಕಿ ಆಕಾಶಕ್ಕೆ. ಎಎಸ್ ಎಸ್‌ಎಸ್‌ಡಿ ಅನ್ನೋ ಇನ್ನೊಂದು ಟೆಸ್ಟ್ ಕುಗ್ಗದ ಮಾಹಿತಿ ಕೊಡುತ್ತಿತ್ತು, ಅಂಕಿ ನೆಲಕ್ಕೆ. ಡ್ರೈವ್ ಒಂದೇ, ಅಂಕಿ ಎರಡು. ಡಬ್ಬದ ಮೇಲೆ ಯಾವುದು ಬಂತು ಅಂತ ಕೇಳಬೇಕಾ?

ತಾಳ್ಮೆ
ಒಂದೇ ಅಂಕದ ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಅದನ್ನು ಪಕ್ಕಕ್ಕಿಡಿ. ಸಿಪಿಯು, ರ‍್ಯಾಮ್, ಡಿಸ್ಕ್ ಎಲ್ಲ ಕಲಸಿ ಒಂದು ಅಂಕಿ ಮಾಡುವಾಗ ಯಾವುದಕ್ಕೆ ಎಷ್ಟು ತೂಕ ಅನ್ನೋದು ಅವರ ಇಷ್ಟ. ಹಾಗಾಗಿ ಆವೃತ್ತಿ ಬದಲಾದರೆ ಅಂಕಿಯೂ ಪೂರ್ತಿ ಬದಲು. ಸಿಪಿಯು ಅಳೆಯುವ ಗೀಕ್‌ಬೆಂಚ್ 5ರಲ್ಲಿ ಕೋರ್ ಐ3-8100 ಸಿಪಿಯುಗೆ 1000 ಅಂತ ಅಳತೆ ಇಟ್ಟಿದ್ದರು. 2023ರಲ್ಲಿ ಬಂದ ಗೀಕ್‌ಬೆಂಚ್ 6ರಲ್ಲಿ ಕೋರ್ ಐ7-12700ಕ್ಕೆ 2500. ಅಳೆಯುವ ಕೋಲೇ ಬೇರೆ. ಅದರಲ್ಲಿ ಬಂದ ಅಂಕವನ್ನು ಇದರ ಪಕ್ಕ ಇಟ್ಟು ಜಗಳ ಆಡೋರನ್ನು ದಿನಾ ನೋಡುತ್ತೇನೆ.

ಗೇಮರ್ ಗುಂಡ
ಸಿನಿಬೆಂಚ್ ಆರ್23ರಲ್ಲಿ 20,000 ಚಿಲ್ಲರೆ ಬರುತ್ತಿದ್ದ ನನ್ನ ಗೆಳೆಯ 2024 ಆವೃತ್ತಿ ಹಾಕಿ 1200 ನೋಡಿ ಫೋನ್ ಮಾಡಿದ್ದ. "ಸಿಪಿಯು ಸುಟ್ಟಿದೆ ಕಣೋ" ಅಂತ 😂

ಹಳೇ ಫ್ಲಾಪಿ
ಒಂದೇ ಅಂಕ ಅಂದರೆ ವಿಂಡೋಸ್ ವಿಸ್ಟಾ ಕಾಲದ ಎಕ್ಸ್‌ಪೀರಿಯೆನ್ಸ್ ಇಂಡೆಕ್ಸ್. ಅದನ್ನು ಎಲ್ಲರೂ ಬೈದರು. ನನಗೆ ಮಾತ್ರ ಇಷ್ಟ. ಏಕೆಂದರೆ ಅದು ಸರಾಸರಿ ಕೊಡುತ್ತಿರಲಿಲ್ಲ. ಐದು ಭಾಗಗಳಲ್ಲಿ ಅತಿ ಕಡಿಮೆ ಬಂದದ್ದೇ ಒಟ್ಟು ಅಂಕ. ವಿಂಡೋಸ್ 7ರಲ್ಲಿ 7.9ರವರೆಗೆ ಅಳತೆ ಏರಿಸಿದರು, ಆದರೆ ಮಾಮೂಲಿ ಹಾರ್ಡ್‌ಡಿಸ್ಕ್ 5.9ರ ಮೇಲೆ ಹೋಗುತ್ತಿರಲಿಲ್ಲ. ಎಷ್ಟೇ ದೊಡ್ಡ ಸಿಪಿಯು ಇದ್ದರೂ ಒಟ್ಟು ಅಂಕ 5.9. ಜನ ಸಿಟ್ಟಾಗಿ "ಇದು ಸರಿಯಿಲ್ಲ" ಅಂದರು. ಸರಿಯಾಗೇ ಇತ್ತು! ಪಿಸಿಯನ್ನು ಕಾಯಿಸುತ್ತಿದ್ದದ್ದು ಹಾರ್ಡ್‌ಡಿಸ್ಕೇ.

ಸುಮ್ನಿರಿ
ಎಲ್ಲ ಬೆಂಚ್‌ಮಾರ್ಕೂ ಮೋಸ. 2013ರಲ್ಲಿ ಗ್ಯಾಲಕ್ಸಿ ಎಸ್4 ಫೋನು ಬೆಂಚ್‌ಮಾರ್ಕ್ ಆ್ಯಪ್‌ಗಳನ್ನು ಹೆಸರು ನೋಡಿ ಗುರುತಿಸಿ ವೇಗ ಏರಿಸುತ್ತಿತ್ತಲ್ಲ, ಅದು ಹೊರಗೆ ಬಂತಲ್ಲ.

ಹಳೇ ಫ್ಲಾಪಿ
ಅದಕ್ಕೂ ಹತ್ತು ವರ್ಷ ಮೊದಲೇ ಇತ್ತು. 2003ರಲ್ಲಿ 3ಡಿಮಾರ್ಕ್03 ಅನ್ನೋ ಗ್ರಾಫಿಕ್ಸ್ ಟೆಸ್ಟ್ ಓಡುತ್ತಿದೆ ಅಂತ ಗೊತ್ತಾದರೆ ಎನ್ವಿಡಿಯಾ ಡ್ರೈವರ್ ಬೇರೆ ದಾರಿ ಹಿಡಿಯುತ್ತದೆ ಅಂತ ಆ ಟೆಸ್ಟ್ ಮಾಡಿದ ಫ್ಯೂಚರ್‌ಮಾರ್ಕ್ ಹೇಳಿತ್ತು. ಆಮೇಲೆ ಇಬ್ಬರೂ ಕೂತು ಮಾತಾಡಿ ಭಾಷೆ ಮೆತ್ತಗಾಯಿತು. ಆದರೆ "ಎಲ್ಲ ಮೋಸ" ಅನ್ನೋದು ಸೋಮಾರಿ ಮಾತು. ಮೋಸ ಸಿಕ್ಕಿಬಿದ್ದದ್ದೂ ಅಳೆದು ನೋಡಿದ್ದರಿಂದಲೇ.

ಒಂಟಿ ಸಾಲು
ಮೋಸ ಇಲ್ಲದೆಯೂ ಬೆಂಚ್‌ಮಾರ್ಕ್ ಕುರುಡಾಗಬಹುದು. ಸ್ಯಾಮ್‌ಸಂಗ್ 840 ಇವೊ ಎಸ್‌ಎಸ್‌ಡಿ ನೆನಪಿದೆಯಾ? 2014ರಲ್ಲಿ ಜನ ಗಮನಿಸಿದರು. ಹೊಸದಾಗಿ ಬರೆದ ಫೈಲ್ ಸರಾಗವಾಗಿ ಓದುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ಫೈಲ್ ಮಾತ್ರ ಹಾರ್ಡ್‌ಡಿಸ್ಕ್‌ಗಿಂತ ನಿಧಾನ. ಕೋಶಗಳ ವೋಲ್ಟೇಜ್ ಕಾಲಕ್ರಮೇಣ ಸರಿದು, ಡ್ರೈವ್ ಮತ್ತೆ ಮತ್ತೆ ಓದಿ ತಿದ್ದಬೇಕಾಗುತ್ತಿತ್ತು. ಕಂಪನಿ ಆ ವರ್ಷ ಒಂದು ಫರ್ಮ್‌ವೇರ್ ಬಿಟ್ಟಿತು, ಮರುವರ್ಷ ಇನ್ನೊಂದು.

ಈಗ ಯೋಚಿಸಿ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಏನು ಮಾಡುತ್ತದೆ? ಹೊಸ ಫೈಲ್ ಬರೆದು ಆ ಕ್ಷಣವೇ ಅದನ್ನು ಓದುತ್ತದೆ. ಅದಕ್ಕೆ ಈ ತೊಂದರೆ ಎಂದೂ ಕಾಣೋದಿಲ್ಲ. ನಿಮ್ಮ ಹಳೇ ಫೋಟೋ ಫೋಲ್ಡರನ್ನು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿದರೆ ಕಾಣುತ್ತದೆ.

ಮಡಿಲಗಣಕ
ನನ್ನ ಲ್ಯಾಪ್‌ಟಾಪಿನಲ್ಲಿ ಕೊನೇ ಸಾಲು 35 ಬರುತ್ತಿದೆ. ಅದೇ ಮಾಡೆಲ್ ಡ್ರೈವ್ ಗೆಳತಿಯ ಡೆಸ್ಕ್‌ಟಾಪಿನಲ್ಲಿ 60. ಡ್ರೈವ್ ವಾಪಸ್ ಕೊಡಲಾ?

ಪೆಂಗ್ವಿನ್ ಮರಿ
ಕೊಡಬೇಡಿ. ಚಾರ್ಜರ್ ಹಾಕಿ, ಪವರ್ ಮೋಡನ್ನು "ಬೆಸ್ಟ್ ಪರ್ಫಾರ್ಮೆನ್ಸ್" ಮಾಡಿ ಮತ್ತೆ ಓಡಿಸಿ. ಕ್ಯೂ1ರಲ್ಲಿ ಒಂದು ಬೇಡಿಕೆಗೂ ಇನ್ನೊಂದಕ್ಕೂ ನಡುವೆ ಸಿಪಿಯು ತೂಕಡಿಸುತ್ತದೆ, ಪಿಸಿಐಇ ಕೊಂಡಿಯೂ ಕಣ್ಣು ಮುಚ್ಚುತ್ತದೆ. ಪ್ರತಿ ಸಲ ಎಬ್ಬಿಸಬೇಕು. ಬಿಟ್‌ಲಾಕರ್ (ಡ್ರೈವ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ಅದನ್ನೂ ನೋಡಿ. ಹೊಸ ವಿಂಡೋಸ್ 11ರಲ್ಲಿ ಎಷ್ಟೋ ಸಲ ಕೇಳದೆಯೇ ಆನ್ ಆಗಿರುತ್ತದೆ. ಚಿಕ್ಕ ಚೂರುಗಳ ವೇಗ ಅದರಿಂದಲೂ ಇಳಿಯುತ್ತದೆ.

ಮಡಿಲಗಣಕ
ಚಾರ್ಜರ್ ಹಾಕಿದರೆ 52. ಬಿಟ್‌ಲಾಕರ್ ಆನ್ ಇದೆ.

ತಾಳ್ಮೆ
ಅದನ್ನು ಅಂಕಿಗೋಸ್ಕರ ಆಫ್ ಮಾಡಬೇಡಿ ದಯವಿಟ್ಟು. ಲ್ಯಾಪ್‌ಟಾಪ್ ಕಳೆದುಹೋದರೆ ಒಳಗಿನ ಮಾಹಿತಿ ಬೇರೆಯವರ ಕೈಗೆ ಸಿಗದಂತೆ ಕಾಯೋದು ಅದೇ.

ಕೀಲಿಮಣೆ
ಇಷ್ಟೆಲ್ಲ ಓದಿದ ಮೇಲೆ ಇನ್ನೆರಡು ಕೇಳಿಬಿಡುತ್ತೇನೆ. ಡ್ರೈವನ್ನು ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಟ್ಟುಗೂಡಿಸೋದು) ಮಾಡಬೇಕಾ? ಎಷ್ಟು ಖಾಲಿ ಬಿಡಬೇಕು? ಹಳೇ ಡ್ರೈವ್ ತುಂಬಿದ ಮೇಲೆ ತುಂಬಾ ನಿಧಾನ ಆಗಿತ್ತು.

ರೀಲು ಸುತ್ತುವವಳು
ಡಿಫ್ರಾಗ್ ಬೇಡ. ವಿಂಡೋಸ್‌ನ "ಆಪ್ಟಿಮೈಜ್ ಡ್ರೈವ್ಸ್" ಎಸ್‌ಎಸ್‌ಡಿ ಅಂತ ಗೊತ್ತಾದರೆ ಟ್ರಿಮ್ ಕಳಿಸುತ್ತದೆ, ಅದನ್ನು ಹಾಗೇ ಬಿಡಿ. ಅಳಿಸಿದ ಫೈಲಿನ ಜಾಗ ಖಾಲಿ ಅಂತ ಡ್ರೈವ್‌ಗೆ ಗೊತ್ತಾಗೋದೇ ಟ್ರಿಮ್‌ನಿಂದ. ಖಾಲಿ ಜಾಗ ಕಡಿಮೆ ಆದಷ್ಟೂ ಎಸ್‌ಎಲ್‌ಸಿ ಕ್ಯಾಶ್ ಕುಗ್ಗುತ್ತದೆ. ಹೆಚ್ಚಿನ ಡ್ರೈವ್‌ಗಳಲ್ಲಿ ಅದು ಖಾಲಿ ಜಾಗದಲ್ಲೇ ಬದುಕೋದು. ನಾನು ಐದರಲ್ಲಿ ಒಂದು ಪಾಲು ಬಿಡುತ್ತೇನೆ. ಸಿದ್ಧಾಂತ ಏನೂ ಅಲ್ಲ, ಅಭ್ಯಾಸ. ಇನ್ನೊಂದು ವಿಷಯ, ವಿಮರ್ಶೆಗಳಲ್ಲಿ ಹೆಚ್ಚಿನವು ಖಾಲಿ ಡ್ರೈವ್ ಮೇಲೆ ಮಾಡಿದ ಟೆಸ್ಟ್. ಮುಕ್ಕಾಲು ತುಂಬಿಸಿ ಮಾಡಿದ್ದು ಸಿಕ್ಕರೆ ಅದನ್ನೇ ನಂಬಿ.

ಬಿಸಿಗಾಳಿ
ನನ್ನ ಹೀಟ್‌ಸಿಂಕ್ ಮಾತನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಪಿಸಿಐಇ 5.0 ಡ್ರೈವ್ ಹಾಕಿ ನೋಡಿ, ಆಮೇಲೆ ಮಾತಾಡಿ.

ಲೇನ್ ಲೆಕ್ಕಿಗ
5.0ಗೆ ಬೇಕು, ಒಪ್ಪಿದೆ. ಹಾಕುವಾಗ ಥರ್ಮಲ್ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಹಾಗೇ ಬಿಟ್ಟು ಸ್ಕ್ರೂ ತಿರುಗಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮಡಿಲಗಣಕ
ಕೊನೇದು. ಹಳೇ ಎನ್‌ವಿಎಂಇ ಡ್ರೈವನ್ನು ಯುಎಸ್‌ಬಿ ಡಬ್ಬದಲ್ಲಿ ಹಾಕಿದ್ದೇನೆ. ಡಬ್ಬದ ಮೇಲೆ 10 ಗಿಗಾಬಿಟ್ ಅಂತಿದೆ. ಓದು, ಬರಹ ಎರಡೂ 40 ಎಂಬಿ ಬರುತ್ತಿದೆ.

ಪೆಂಗ್ವಿನ್ ಮರಿ
10 ಗಿಗಾಬಿಟ್ ಡಬ್ಬದಲ್ಲಿ 1000 ಹತ್ತಿರ ಬರಬೇಕು, 5 ಗಿಗಾಬಿಟ್ ಪೋರ್ಟ್ ಆದರೆ 450. ಬರೀ 40 ಅಂದರೆ ಯುಎಸ್‌ಬಿ 2.0ರಲ್ಲಿ ಓಡುತ್ತಿದೆ. ಫೋನ್ ಚಾರ್ಜ್ ಮಾಡುವ ಕೇಬಲ್ ಹಾಕಿದ್ದೀರಾ? ಸಿ ಟೈಪ್ ಇದ್ದರೂ ಬಹಳಷ್ಟು ಅಂಥ ಕೇಬಲ್‌ಗಳಲ್ಲಿ ವೇಗದ ತಂತಿಗಳೇ ಇರೋದಿಲ್ಲ. ಡಬ್ಬದ ಜೊತೆ ಬಂದ ಕೇಬಲ್ ಹುಡುಕಿ ಹಾಕಿ ನೋಡಿ.

ಮಡಿಲಗಣಕ
982! ಚಾರ್ಜರ್ ಕೇಬಲ್ಲೇ ಆಗಿತ್ತು.